ಹಾಡು ಕೇಳಲು ಕಡಿಮೆ ಖರ್ಚಿನ ಸೌಂಡ್ ಕಾರ್ಡ್: ಯಾವುದನ್ನು ನೋಡಬೇಕು, ಯಾವುದನ್ನು ಬಿಡಬಹುದು

ಪ್ರಶ್ನೆ: ನನ್ನದು ಏಳೆಂಟು ವರ್ಷ ಹಳೆಯ ಡೆಸ್ಕ್‌ಟಾಪ್. ಹೆಚ್ಚಾಗಿ ಫ್ಲ್ಯಾಕ್ (ಗುಣಮಟ್ಟ ಕಳೆಯದೆ ಕುಗ್ಗಿಸಿದ) ಫೈಲುಗಳನ್ನು ಕೇಳುತ್ತೇನೆ, ಆಗಾಗ ಸ್ಟ್ರೀಮಿಂಗ್. 32 ಓಮ್‌ನ ಒಂದು ಹೆಡ್‌ಫೋನ್ ಇದೆ, ಆಂಪ್ಲಿಫೈಯರ್ ಒಳಗೇ ಇರುವ ಒಂದು ಜೊತೆ ಸ್ಪೀಕರ್ ಇವೆ. ಹೆಡ್‌ಫೋನ್ ಹಾಕಿಕೊಂಡರೆ ಹಾಡಿನ ಹಿಂದೆ ಸುಯ್ ಎನ್ನುವ ಸದ್ದು, ಮೌಸ್ ಆಡಿಸಿದರೆ ಕಿರಕಿರ. ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ. ಹೆಚ್ಚು ಹಣ ಹಾಕದೆ ಒಳ್ಳೆಯ ಸೌಂಡ್ ಕಾರ್ಡ್ ಕೊಳ್ಳಬೇಕು. ಒಳಗೆ ಕೂರಿಸುವ ಕಾರ್ಡ್ ಒಳ್ಳೆಯದೋ, ಯುಎಸ್‌ಬಿಯೋ? 24 ಬಿಟ್, 192 ಕಿಲೋಹರ್ಟ್ಸ್ ಬೇಕೇ? ಮುಂದೆ 250 ಓಮ್‌ನ ಹೆಡ್‌ಫೋನ್ ತೆಗೆದುಕೊಳ್ಳುವ ಯೋಚನೆಯೂ ಇದೆ.

ಉತ್ತರ: ನಿಮ್ಮ ಅಗತ್ಯಕ್ಕೆ ಯುಎಸ್‌ಬಿಗೆ ಚುಚ್ಚುವ ಪುಟ್ಟ ಡ್ಯಾಕ್ ಸಾಕು; ಡ್ಯಾಕ್ ಎಂದರೆ ಡಿಜಿಟಲ್ ಹಾಡನ್ನು ಹೆಡ್‌ಫೋನಿಗೆ ಬೇಕಾದ ವಿದ್ಯುತ್ ಸಂಕೇತವಾಗಿ ಬದಲಿಸುವ ಸಾಧನ. ಒಳಗೆ ಕೂರಿಸುವ ಕಾರ್ಡ್ ಬೇಡ, 192 ಕಿಲೋಹರ್ಟ್ಸ್‌ಗೆಂದು ಹೆಚ್ಚು ಹಣ ಕೊಡುವುದೂ ಬೇಡ. ಮುಖ್ಯವಾಗಿ ನೋಡಬೇಕಾದದ್ದು ಎರಡು: ಹೆಡ್‌ಫೋನ್ ಔಟ್‌ಪುಟ್‌ನ ಇಂಪಿಡೆನ್ಸ್ (ಕರೆಂಟಿಗೆ ಒಡ್ಡುವ ತಡೆ, ಅಳೆಯುವುದು ಓಮ್‌ನಲ್ಲಿ) ಎಷ್ಟು ಕಡಿಮೆ ಇದೆ, ಮತ್ತು ಅದು ಎಷ್ಟು ವೋಲ್ಟ್ ಕೊಡುತ್ತದೆ. ಡಬ್ಬದ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು ಕಿಲೋಹರ್ಟ್ಸು, ಚಿಪ್ಪಿನ ಹೆಸರು. ಈ ಎರಡು ಅಂಕಿಗಳನ್ನು ಮಾತ್ರ ಹುಡುಕಿಯೇ ತಿಳಿದುಕೊಳ್ಳಬೇಕು.

ಆದರೆ ಕೊಳ್ಳುವ ಮೊದಲು ಈಗಿರುವ ಸದ್ದು ಎಲ್ಲಿಂದ ಬರುತ್ತಿದೆ ಎಂದು ನೋಡಿ. ನೀವು ಹೇಳಿದ ಸುಯ್, ಕಿರಕಿರ, ಗುಂಯ್ ಮೂರಕ್ಕೂ ಕಾರಣ ಬೇರೆ ಬೇರೆ, ಪರಿಹಾರವೂ ಬೇರೆ.

ಹೆಡ್‌ಫೋನನ್ನು ಕಂಪ್ಯೂಟರಿನ ಮುಂಭಾಗದ ಸಾಕೆಟ್ಟಿಗೆ ಚುಚ್ಚಿದ್ದೀರಾ? ಹಾಗಿದ್ದರೆ ಕಿತ್ತು ಹಿಂಭಾಗದ ಹಸಿರು ಸಾಕೆಟ್ಟಿಗೆ ಹಾಕಿ ಕೇಳಿ. ಮುಂದಿನ ಸಾಕೆಟ್ಟಿಗೆ ಮದರ್‌ಬೋರ್ಡಿನಿಂದ ಒಂದು ತೆಳು ಕೇಬಲ್ ಬರುತ್ತದೆ. ಎಷ್ಟೋ ಕ್ಯಾಬಿನೆಟ್ಟುಗಳಲ್ಲಿ ಅದಕ್ಕೆ ಶೀಲ್ಡ್ (ಹೊರಗಿನ ವಿದ್ಯುತ್ ಗದ್ದಲ ತಡೆಯುವ ಲೋಹದ ಹೊದಿಕೆ) ಇರುವುದಿಲ್ಲ, ಗ್ರಾಫಿಕ್ಸ್ ಕಾರ್ಡಿನ ಕೆಳಗೇ ಹಾದು ಬರುತ್ತದೆ. ಮೌಸ್ ಆಡಿಸಿದಾಗ, ಪುಟ ಸರಿಸಿದಾಗ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎಳೆಯುವ ಕರೆಂಟು ಏರಿಳಿಯುತ್ತದೆ. ಆ ಏರಿಳಿತ ಗ್ರೌಂಡಿನ ಮೂಲಕ ಈ ಕೇಬಲ್ಲಿಗೆ ಸೇರಿ ಕಿರಕಿರ ಎಂದು ಕೇಳುತ್ತದೆ. ಹಿಂಭಾಗದಲ್ಲಿ ಅದು ಮಾಯವಾದರೆ ಅರ್ಧ ಸಮಸ್ಯೆ ಪುಕ್ಕಟೆಯಾಗಿ ತೀರಿತು.

ಮುಂದೆ ವಿಂಡೋಸ್‌ನ ಹಳೆಯ ಸೌಂಡ್ ಕಂಟ್ರೋಲ್ ಪ್ಯಾನೆಲ್ ತೆರೆದು, ಸ್ಪೀಕರ್ ಮೇಲೆ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಲೆವೆಲ್ಸ್ ಎಂಬಲ್ಲಿಗೆ ಹೋಗಿ. ಅಲ್ಲಿ ಮೈಕ್ರೊಫೋನ್, ಲೈನ್ ಇನ್ ಎಂಬ ಸ್ಲೈಡರುಗಳು ಕಂಡರೆ ಮ್ಯೂಟ್ ಮಾಡಿ. ಅವು ತೆರೆದಿದ್ದರೆ ಏನೂ ಚುಚ್ಚದ ಮೈಕ್ ಸಾಕೆಟ್ಟಿನ ಸದ್ದೂ ನಿಮ್ಮ ಕಿವಿಗೆ ಬರುತ್ತಿರುತ್ತದೆ. ಎನ್‌ಹಾನ್ಸ್‌ಮೆಂಟ್ಸ್ ಎಲ್ಲವನ್ನೂ ಆಫ್ ಮಾಡಿ. ಲೌಡ್‌ನೆಸ್ ಸಮ ಮಾಡುವ ಆಯ್ಕೆ ಆನ್ ಇದ್ದರೆ ಹಾಡಿನ ಮೆಲುದನಿಯ ಜಾಗಗಳನ್ನು ಎತ್ತಿ ಹಿಡಿಯುತ್ತದೆ; ಜೊತೆಗೆ ಸುಯ್ ಸದ್ದೂ ಮೇಲೇಳುತ್ತದೆ.

ಇಷ್ಟಾದ ಮೇಲೂ ಒಂದೇ ಸಮನೆ ಸುಯ್ ಎನ್ನುತ್ತಿದ್ದರೆ ಅದು ಆ ಔಟ್‌ಪುಟ್ಟಿನದೇ ಸದ್ದು. ಅದಕ್ಕೆ ಹೊಸ ಡ್ಯಾಕ್ ಸರಿಯಾದ ಮದ್ದು. ಸ್ಪೀಕರಿನ ಗುಂಯ್ ಮಾತ್ರ ಬೇರೆ ಜಾತಿಯದು, ಹೊಸ ಸೌಂಡ್ ಕಾರ್ಡ್ ತಂದರೂ ಹಾಗೇ ಉಳಿಯಬಹುದು. ಅದಕ್ಕೆ ಮುಂದೆ ಬರುತ್ತೇನೆ.

ಈಗ ಔಟ್‌ಪುಟ್ ಇಂಪಿಡೆನ್ಸ್. ಈ ವಿಷಯದಲ್ಲಿ ಅತಿ ಮುಖ್ಯವಾದದ್ದೂ ಇದೇ, ಅತಿ ಕಡಿಮೆ ಚರ್ಚೆಯಾಗುವುದೂ ಇದೇ. ಹಲವು ಮದರ್‌ಬೋರ್ಡುಗಳಲ್ಲಿ ಶಾರ್ಟ್ ಆದರೆ ಚಿಪ್ ಸುಡದಿರಲೆಂದು ಔಟ್‌ಪುಟ್ ದಾರಿಯಲ್ಲಿ ಒಂದು ರೆಸಿಸ್ಟರ್ ಇಟ್ಟಿರುತ್ತಾರೆ. ಅದು 75 ಓಮ್ ಎಂದುಕೊಳ್ಳಿ. ನಿಮ್ಮ 32 ಓಮ್ ಹೆಡ್‌ಫೋನ್ ಚುಚ್ಚಿದಾಗ ಚಿಪ್ ಕೊಟ್ಟ ವೋಲ್ಟೇಜ್ ಎರಡಕ್ಕೂ ಹಂಚಿಹೋಗುತ್ತದೆ: 107ರಲ್ಲಿ 32 ಪಾಲು ಮಾತ್ರ ಹೆಡ್‌ಫೋನಿಗೆ. ಅಂದರೆ ಸುಮಾರು 10.5 ಡೆಸಿಬೆಲ್ ಅಲ್ಲೇ ಸೋರಿಹೋಯಿತು.

ಸದ್ದು ಕಡಿಮೆಯಾಗುವುದಷ್ಟೇ ಆಗಿದ್ದರೆ ವಾಲ್ಯೂಮ್ ಏರಿಸಿಕೊಳ್ಳಬಹುದಿತ್ತು. ತೊಂದರೆ ಇರುವುದು ಬೇರೆಡೆ. ಹೆಡ್‌ಫೋನಿನ ಇಂಪಿಡೆನ್ಸ್ ಎಲ್ಲ ಸ್ವರಗಳಿಗೂ ಒಂದೇ ಇರುವುದಿಲ್ಲ. ಮಧ್ಯದ ಸ್ವರಗಳಲ್ಲಿ 30 ಓಮ್ ಇರುವ ಹೆಡ್‌ಫೋನ್ ಬೇಸಿನ ಒಂದು ಜಾಗದಲ್ಲಿ 90 ಓಮ್‌ಗೆ ಏರಿದರೆ ಏನಾಗುತ್ತದೆ ನೋಡಿ. 75 ಓಮ್ ಔಟ್‌ಪುಟ್‌ನಿಂದ ಮಧ್ಯಕ್ಕೆ ಸಿಗುವುದು ನೂರರಲ್ಲಿ 29 ಪಾಲು, ಬೇಸಿಗೆ 55 ಪಾಲು. ವ್ಯತ್ಯಾಸ ಐದೂವರೆ ಡೆಸಿಬೆಲ್‌ಗೂ ಹೆಚ್ಚು. ಮೃದಂಗದ ತೊಪ್ಪಿ, ಡಬಲ್ ಬೇಸ್ ಎಲ್ಲ ಊದಿಕೊಂಡು ಹಾಡುವ ದನಿಯ ಮೇಲೆ ಬೀಳುತ್ತವೆ. ಅದೇ ಹೆಡ್‌ಫೋನನ್ನು 1 ಓಮ್ ಔಟ್‌ಪುಟ್ಟಿಗೆ ಹಾಕಿದರೆ ವ್ಯತ್ಯಾಸ ಸುಮಾರು 0.2 ಡೆಸಿಬೆಲ್, ಕಿವಿಗೆ ಗೊತ್ತೇ ಆಗದು. "ಹೊಸ ಡ್ಯಾಕ್ ಹಾಕಿದ ಮೇಲೆ ಹಾಡು ಬಿಚ್ಚಿಕೊಂಡಿತು" ಎಂದು ಜನ ಹೇಳುವುದರ ಹಿಂದೆ ಬಹಳ ಸಲ ಇರುವುದು ಈ ಲೆಕ್ಕವೇ.

ಆದ್ದರಿಂದ ಔಟ್‌ಪುಟ್ ಇಂಪಿಡೆನ್ಸ್ ಹೆಡ್‌ಫೋನಿನ ಇಂಪಿಡೆನ್ಸಿನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ. 32 ಓಮ್‌ಗೆ 4 ಓಮ್ ಒಳಗೆ. ಕಿವಿಯೊಳಗೆ ಕೂರುವ 16 ಓಮ್‌ನ ಇಯರ್‌ಫೋನಿಗೆ 2 ಓಮ್ ಒಳಗೆ. ಒಂದೇ ಇಯರ್‌ಫೋನಿನಲ್ಲಿ ನಾಲ್ಕೈದು ಬ್ಯಾಲೆನ್ಸ್ಡ್ ಆರ್ಮೇಚರ್ ಡ್ರೈವರುಗಳಿದ್ದರೆ (ಸದ್ದು ಹೊರಡಿಸುವ ಒಂದು ಬಗೆಯ ಪುಟ್ಟ ಭಾಗಗಳು) 1 ಓಮ್ ಸುತ್ತಮುತ್ತಲೇ ಇರಬೇಕು, ಅವುಗಳ ಇಂಪಿಡೆನ್ಸ್ ಅಷ್ಟು ಏರುಪೇರಾಗುತ್ತದೆ. 250 ಓಮ್‌ನ ಹೆಡ್‌ಫೋನಿಗೆ ಮಾತ್ರ ಈ ಚಿಂತೆ ಹೆಚ್ಚಿಲ್ಲ.

ಇದರ ಜೊತೆಗೇ ಕೆಪಾಸಿಟರಿನ ವಿಷಯವನ್ನೂ ಹೇಳಬೇಕು. ಅತಿ ಅಗ್ಗದ ಪ್ಲಾಸ್ಟಿಕ್ ಯುಎಸ್‌ಬಿ ಕಡ್ಡಿಗಳಲ್ಲಿ ಡಿಸಿ ತಡೆಯಲು ಔಟ್‌ಪುಟ್ಟಿನಲ್ಲಿ ಕೆಪಾಸಿಟರ್ ಇಟ್ಟಿರುತ್ತಾರೆ, ಅದೂ ಖರ್ಚು ಉಳಿಸಲು ಚಿಕ್ಕದು. 100 ಮೈಕ್ರೊಫ್ಯಾರಡ್ ಕೆಪಾಸಿಟರಿಗೆ 32 ಓಮ್ ಹೆಡ್‌ಫೋನ್ ಸೇರಿದರೆ 50 ಹರ್ಟ್ಸ್‌ನಲ್ಲಿ ಆಗಲೇ 3 ಡೆಸಿಬೆಲ್ ಇಳಿದಿರುತ್ತದೆ, ಅದರ ಕೆಳಗೆ ಇನ್ನೂ ಜಾರುತ್ತದೆ. 220 ಮೈಕ್ರೊಫ್ಯಾರಡ್ ಆದರೆ ಆ ಇಳಿತ 23 ಹರ್ಟ್ಸ್ ಹತ್ತಿರಕ್ಕೆ ಹೋಗುತ್ತದೆ. ಅದೇ ಕಡ್ಡಿಯನ್ನು 10,000 ಓಮ್ ಇನ್‌ಪುಟ್ ಇರುವ ಸ್ಪೀಕರಿಗೆ ಜೋಡಿಸಿದರೆ ಬೇಸ್ ಪೂರ್ತಿ ಬರುತ್ತದೆ. ಸ್ಪೀಕರಿನಲ್ಲಿ ಚೆನ್ನಾಗಿ ನುಡಿದ ಕಡ್ಡಿ ಹೆಡ್‌ಫೋನಿನಲ್ಲಿ ತೆಳ್ಳಗೆ ಕೇಳುವುದಕ್ಕೆ ಇದೇ ಕಾರಣ. ಇಂಥ ಕಡ್ಡಿಗಳ ಮೇಲೆ "7.1" ಎಂದು ಬರೆದಿರುತ್ತದೆ, ಒಳಗಿರುವುದು ಎರಡೇ ಚಾನೆಲ್, ಉಳಿದದ್ದು ಡ್ರೈವರಿನ ಕೃತಕ ಪ್ರತಿಧ್ವನಿ. ಹಾಡು ಕೇಳುವವರಿಗೆ ಅದು ಹಾನಿಯೇ.

ಎರಡನೆಯದು ವೋಲ್ಟೇಜ್. ಹೆಡ್‌ಫೋನಿನ ವಿವರದಲ್ಲಿ ಸೆನ್ಸಿಟಿವಿಟಿ ಎಂಬ ಅಂಕಿ ಇರುತ್ತದೆ. ಕೆಲವರು 1 ಮಿಲಿವ್ಯಾಟ್‌ಗೆ ಇಷ್ಟು ಡೆಸಿಬೆಲ್ ಎನ್ನುತ್ತಾರೆ, ಕೆಲವರು 1 ವೋಲ್ಟ್‌ಗೆ ಇಷ್ಟು ಎನ್ನುತ್ತಾರೆ. ಎರಡನ್ನೂ ನೇರವಾಗಿ ಹೋಲಿಸಬೇಡಿ. ಬೇಯರ್‌ಡೈನಾಮಿಕ್ ಡಿಟಿ 990 ಪ್ರೊ 250 ಓಮ್‌ನದು 1 ಮಿಲಿವ್ಯಾಟ್‌ಗೆ 96 ಡೆಸಿಬೆಲ್. 250 ಓಮ್‌ನಲ್ಲಿ 1 ಮಿಲಿವ್ಯಾಟ್ ಎಂದರೆ ಅರ್ಧ ವೋಲ್ಟ್. ವೋಲ್ಟೇಜ್ ಎರಡು ಪಟ್ಟಾದರೆ 6 ಡೆಸಿಬೆಲ್ ಏರುತ್ತದೆ; ಆದ್ದರಿಂದ 1 ವೋಲ್ಟ್‌ಗೆ 102, 2 ವೋಲ್ಟ್‌ಗೆ 108. ಇದು ಸದ್ದಿನ ತುತ್ತತುದಿ. ಆರ್ಕೆಸ್ಟ್ರಾದಂಥ, ಮೆಲುದನಿಗೂ ಜೋರಿಗೂ ಬಹಳ ಅಂತರವಿರುವ ಧ್ವನಿಮುದ್ರಣಗಳಲ್ಲಿ ಸರಾಸರಿ ಸದ್ದು ತುದಿಗಿಂತ 20 ಡೆಸಿಬೆಲ್ ಕೆಳಗಿರುತ್ತದೆ. 1 ವೋಲ್ಟ್ ಕೊಡುವ ಡ್ಯಾಕ್‌ನಲ್ಲಿ ಸರಾಸರಿ 82 ಡೆಸಿಬೆಲ್ ಸಿಕ್ಕಂತಾಯಿತು. ದೊಡ್ಡವರಿಗೆ ವಾರಕ್ಕೆ 40 ಗಂಟೆ ಕೇಳಲು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬೆಲ್. ಹಾಗಾಗಿ 250 ಓಮ್ ಎಂದ ಕೂಡಲೇ ದೊಡ್ಡ ಆಂಪ್ಲಿಫೈಯರ್ ಬೇಕೇಬೇಕು ಎನ್ನುವುದು ಉತ್ಪ್ರೇಕ್ಷೆ. ಈಕ್ವಲೈಸರ್ (ಬೇಸ್, ಟ್ರೆಬಲ್ ಬೇರೆ ಬೇರೆಯಾಗಿ ಏರಿಳಿಸುವ ಸಾಧನ) ಬಳಸುವುದಾದರೆ ಮಾತ್ರ 2 ವೋಲ್ಟ್ ಕೊಡುವುದನ್ನು ಆರಿಸಿ. ಬೇಸನ್ನು 6 ಡೆಸಿಬೆಲ್ ಎತ್ತಿದರೆ ಒಡೆದು ಕೇಳದಿರಲು ಒಟ್ಟು ಸದ್ದನ್ನು 6 ಡೆಸಿಬೆಲ್ ಇಳಿಸಬೇಕು, ಅಲ್ಲಿಗೆ ಅರ್ಧ ವೋಲ್ಟೇಜ್ ಹೋಯಿತು.

ನಿಮ್ಮ 32 ಓಮ್ ಹೆಡ್‌ಫೋನಿಗೆ 1 ವೋಲ್ಟ್ ಬೇಕಾದಷ್ಟಾಯಿತು. ಅದರಲ್ಲಿ 1 ಮಿಲಿವ್ಯಾಟ್ ಎಂದರೆ ಬರೀ 0.18 ವೋಲ್ಟ್. ಸೂಕ್ಷ್ಮ ಇಯರ್‌ಫೋನುಗಳಿಗೆ ಸಮಸ್ಯೆ ತಿರುಗಾಮುರುಗಾ: ಸದ್ದು ಸಾಲದೆ ಹೋಗುವುದಿಲ್ಲ, ಸುಯ್ ಹೆಚ್ಚುತ್ತದೆ. 16 ಓಮ್, 1 ಮಿಲಿವ್ಯಾಟ್‌ಗೆ 110 ಡೆಸಿಬೆಲ್ ಇರುವ ಇಯರ್‌ಫೋನಿನಲ್ಲಿ 10 ಮೈಕ್ರೊವೋಲ್ಟ್‌ನಷ್ಟು ಅತಿ ಸಣ್ಣ ಸದ್ದೂ 28 ಡೆಸಿಬೆಲ್ ಆಗಿ ಕೇಳುತ್ತದೆ. ರಾತ್ರಿ ಕೋಣೆ ನಿಶ್ಶಬ್ದವಾಗಿದ್ದಾಗ ಅದು ಸ್ಪಷ್ಟವಾಗಿ ಗೊತ್ತಾಗುತ್ತದೆ. 2 ಮೈಕ್ರೊವೋಲ್ಟ್ ಆದರೆ 14 ಡೆಸಿಬೆಲ್, ಇದ್ದದ್ದೇ ತಿಳಿಯದು. ಇಂಥ ಇಯರ್‌ಫೋನ್ ಇರುವವರು ದೊಡ್ಡ ಪವರಿನ ಆಂಪ್ಲಿಫೈಯರ್ ಕೊಂಡು ಕೈಸುಟ್ಟುಕೊಳ್ಳಬಾರದು.

ಬಿಟ್ ಮತ್ತು ಕಿಲೋಹರ್ಟ್ಸ್ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು. ಡಬ್ಬದ ಮೇಲಿನ ಕಿಲೋಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಸಾವಿರ ಸಲ ಸದ್ದನ್ನು ಅಳೆದಿದ್ದಾರೆ ಎಂಬುದು, ಬಿಟ್ ಎಂದರೆ ಪ್ರತಿ ಅಳತೆ ಎಷ್ಟು ಸೂಕ್ಷ್ಮ ಎಂಬುದು. ಸಿಡಿಯ 16 ಬಿಟ್, 44.1 ಕಿಲೋಹರ್ಟ್ಸ್ ಗುಣಮಟ್ಟವು, ಕಂಪನ 20 ಕಿಲೋಹರ್ಟ್ಸ್ ದಾಟುವವರೆಗಿನ ಎಲ್ಲ ಸ್ವರಗಳನ್ನೂ ಹಿಡಿಯುತ್ತದೆ. ಮನುಷ್ಯನ ಕಿವಿಯ ಮೇಲ್ಮಿತಿಯೂ ಅಲ್ಲೇ. 192 ಕಿಲೋಹರ್ಟ್ಸ್ ಹೆಚ್ಚಾಗಿ ಕೊಡುವುದೆಲ್ಲ ಕೇಳಿಸದ ಸ್ವರಗಳು. 24 ಬಿಟ್ ಮಾತ್ರ ಇರಲಿ, ಏಕೆಂದರೆ ವಿಂಡೋಸ್‌ನಲ್ಲೋ ಪ್ಲೇಯರಿನಲ್ಲೋ ವಾಲ್ಯೂಮ್ ಇಳಿಸಿದಾಗ, ಈಕ್ವಲೈಸರ್ ಹಾಕಿದಾಗ ಅದು ಸೂಕ್ಷ್ಮಗಳನ್ನು ಉಳಿಸುತ್ತದೆ. 24 ಬಿಟ್, 48 ಅಥವಾ 96 ಕಿಲೋಹರ್ಟ್ಸ್ ಇದ್ದರೆ ಸಂಗೀತ ಕೇಳಲು ಏನೂ ಕಡಿಮೆಯಾಗದು. ಚಿಪ್ಪಿನ ಹೆಸರಿಗೂ ಮರುಳಾಗಬೇಡಿ. ರಿಯಲ್‌ಟೆಕ್‌ನ ಎಎಲ್‌ಸಿ1220 ಚಿಪ್ಪಿಗೆ 120 ಡೆಸಿಬೆಲ್ ಸಿಗ್ನಲ್–ನಾಯ್ಸ್ ಅಂತರ (ಹಾಡಿಗೂ ಅದರ ಹಿಂದಿನ ಸುಯ್ ಸದ್ದಿಗೂ ಇರುವ ಅಂತರ) ಇದೆ ಎಂದು ಕಾಗದದಲ್ಲಿ ಇರುತ್ತದೆ. ಅದೇ ಚಿಪ್ಪನ್ನು ಹಾಕಿದ ಎರಡು ಮದರ್‌ಬೋರ್ಡುಗಳು ಸುತ್ತಲಿನ ವಿನ್ಯಾಸ, ವಿದ್ಯುತ್ ಶುದ್ಧಿ ಹೇಗಿದೆ ಎಂಬುದರ ಮೇಲೆ ತೀರಾ ಬೇರೆಯಾಗಿ ನುಡಿಯಬಹುದು.

ಒಳಗಿನ ಕಾರ್ಡೋ ಯುಎಸ್‌ಬಿಯೋ? ಒಂದು ಕಾಲದಲ್ಲಿ ಒಳಗಿನ ಕಾರ್ಡಿಗೆ ಬಲವಾದ ಕಾರಣವಿತ್ತು. ಆಟಗಳ ಧ್ವನಿಯ ಲೆಕ್ಕಗಳನ್ನು ಕಾರ್ಡೇ ಮಾಡಿ ಪ್ರೊಸೆಸರಿನ ಹೊರೆ ಇಳಿಸುತ್ತಿತ್ತು. 2007ರಲ್ಲಿ ಬಂದ ವಿಂಡೋಸ್ ವಿಸ್ಟಾ ಡೈರೆಕ್ಟ್‌ಸೌಂಡ್‌ನ (ಆಟಗಳು ಧ್ವನಿಗೆ ಬಳಸುತ್ತಿದ್ದ ವಿಂಡೋಸ್ ವ್ಯವಸ್ಥೆ) ಹಾರ್ಡ್‌ವೇರ್ ದಾರಿಯನ್ನು ಮುಚ್ಚಿತು, ಧ್ವನಿಯ ಮಿಶ್ರಣವೆಲ್ಲ ಸಾಫ್ಟ್‌ವೇರಿಗೆ ಬಂತು. ಇವತ್ತಿನ ಪ್ರೊಸೆಸರಿಗೆ ಅದು ಲೆಕ್ಕಕ್ಕೇ ಇಲ್ಲದ ಕೆಲಸ. ಸಂಗೀತಕ್ಕಂತೂ ಒಳಗಿನ ಕಾರ್ಡ್ ವಿಶೇಷವಾಗಿ ಏನನ್ನೂ ಕೊಡುವುದಿಲ್ಲ. ಚೆನ್ನಾಗಿ ಮಾಡಿದ ಕಾರ್ಡುಗಳು ಗದ್ದಲದ ಕ್ಯಾಬಿನೆಟ್ಟಿನೊಳಗೂ ಶುದ್ಧವಾಗಿ ನುಡಿಯುತ್ತವೆ, ಅದು ನಿಜ. ಆದರೆ ಅವುಗಳ ಜೀವ ಡ್ರೈವರಿನಲ್ಲಿದೆ. ತಯಾರಕರು ಡ್ರೈವರ್ ಬಿಡುವುದನ್ನು ನಿಲ್ಲಿಸಿದರೆ ವಿಂಡೋಸ್ ಬದಲಾದಾಗ ಕಾರ್ಡು ಮೂಲೆ ಸೇರುತ್ತದೆ. ಹಳೆಯ ಕಾರ್ಡ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ಸ್ಲಾಟ್ ನೋಡಿ: ಹಳೆಯ ಪಿಸಿಐ ಕಾರ್ಡ್ ಈಗಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಕೂರುವುದಿಲ್ಲ. ಕ್ರಿಯೇಟಿವ್‌ನ ಸೌಂಡ್ ಬ್ಲಾಸ್ಟರ್ ಲೈವ್ ಕಾಲದ ಕಾರ್ಡುಗಳು ಸಿಡಿಯ 44.1 ಕಿಲೋಹರ್ಟ್ಸ್ ಸಂಗೀತವನ್ನೂ ಒಳಗೊಳಗೇ 48ಕ್ಕೆ ಬದಲಿಸುತ್ತಿದ್ದವು, ಆ ಬದಲಾವಣೆಯ ಗುಣಮಟ್ಟ ಚೆನ್ನಾಗಿರಲಿಲ್ಲ. ಹೆಸರು ದೊಡ್ಡದೆಂದು ಅವನ್ನು ಕೊಳ್ಳಬೇಡಿ.

ಯುಎಸ್‌ಬಿ ಡ್ಯಾಕ್‌ಗಳು ಆಡಿಯೋ ಕ್ಲಾಸ್ ಎಂಬ, ಯುಎಸ್‌ಬಿ ಧ್ವನಿ ಸಾಧನಗಳಿಗೆಲ್ಲ ಸಾಮಾನ್ಯವಾದ ನಿಯಮಕ್ಕೆ ಹೊಂದಿದ್ದರೆ ಪ್ರತ್ಯೇಕ ಡ್ರೈವರ್ ಬೇಡ; ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಚುಚ್ಚಿದ ಕೂಡಲೇ ನುಡಿಯುತ್ತವೆ. ಆ ನಿಯಮದ ಎರಡನೇ ಆವೃತ್ತಿಯವು ವಿಂಡೋಸ್ 10ರ 2017ರ 1703 ಆವೃತ್ತಿಯಿಂದ ಈಚೆಗೆ ತಾವಾಗಿಯೇ ಕೆಲಸ ಮಾಡುತ್ತವೆ. ನಿಮ್ಮ ಡೆಸ್ಕ್‌ಟಾಪಿನಲ್ಲಿ ಅದಕ್ಕಿಂತ ಹಳೆಯದಿದ್ದರೆ ಅಪ್‌ಡೇಟ್ ಮಾಡಿ, ಇಲ್ಲವೇ ಮೊದಲನೇ ಆವೃತ್ತಿಯ ಡ್ಯಾಕ್ ತೆಗೆದುಕೊಳ್ಳಿ. ಮೊದಲನೇ ಆವೃತ್ತಿಯೂ 24 ಬಿಟ್, 96 ಕಿಲೋಹರ್ಟ್ಸ್‌ವರೆಗೆ ಒಯ್ಯುತ್ತದೆ.

ಹೆಸರು ಹಿಡಿದು ಹೇಳುವುದಾದರೆ, ಆಪಲ್ ಕಂಪನಿಯ ಯುಎಸ್‌ಬಿ-ಸಿ ಇಂದ 3.5 ಮಿಲಿಮೀಟರ್ ಅಡಾಪ್ಟರ್ ಈ ವರ್ಗದಲ್ಲಿ ನನ್ನ ಮೊದಲ ಆಯ್ಕೆ. ಚಿಕ್ಕ ಬಿಳಿ ತಂತಿಯಂತೆ ಕಾಣುವ ಅದರೊಳಗೆ 24 ಬಿಟ್, 48 ಕಿಲೋಹರ್ಟ್ಸ್‌ನ ಡ್ಯಾಕ್ ಇದೆ. ಔಟ್‌ಪುಟ್ 1 ವೋಲ್ಟ್, ಇಂಪಿಡೆನ್ಸ್ 1 ಓಮ್ ಹತ್ತಿರ. ಡೆಸ್ಕ್‌ಟಾಪಿನಲ್ಲಿ ಯುಎಸ್‌ಬಿ-ಸಿ ಇಲ್ಲದಿದ್ದರೆ ಆಯತಾಕಾರದ ಯುಎಸ್‌ಬಿ-ಎ ಪೋರ್ಟಿಗೆ ಹೊಂದುವ ಪುಟ್ಟ ಅಡಾಪ್ಟರ್ ಜೊತೆಗೆ ಬೇಕು. ಎರಡು ಎಚ್ಚರಿಕೆ: ಯುರೋಪಿಗೆಂದು ಮಾಡಿದ ಮಾದರಿ ಅರ್ಧ ವೋಲ್ಟ್ ಮಾತ್ರ ಕೊಡುತ್ತದೆ, ನಿಮ್ಮ ಮುಂದಿನ 250 ಓಮ್ ಹೆಡ್‌ಫೋನಿಗೆ ಅದು ಸೊರಗುತ್ತದೆ. ಕೆಲವು ಆಂಡ್ರಾಯ್ಡ್ ಫೋನುಗಳಲ್ಲೂ ಅದರ ಸದ್ದು ತೀರಾ ಕಡಿಮೆ ಬರುತ್ತದೆ. ಕಂಪ್ಯೂಟರಿನಲ್ಲಿ ಆ ತೊಂದರೆ ಇಲ್ಲ. ಕ್ರಿಯೇಟಿವ್‌ನ ಸೌಂಡ್ ಬ್ಲಾಸ್ಟರ್ ಪ್ಲೇ 3 ಕೂಡ ಇದೇ ವರ್ಗದ್ದು, 24 ಬಿಟ್, 96 ಕಿಲೋಹರ್ಟ್ಸ್‌ವರೆಗೆ. ಬೆಹ್ರಿಂಜರ್ ಯುಸಿಎ202 16 ಬಿಟ್‌ನದು. ಸ್ಪೀಕರ್ ಅಥವಾ ಮನೆಯ ಆಂಪ್ಲಿಫೈಯರಿಗೆ ಜೋಡಿಸಲು ಒಳ್ಳೆಯದು, ಆಪ್ಟಿಕಲ್ ಔಟ್‌ಪುಟ್ಟೂ ಇದೆ. ಅದರ ಹೆಡ್‌ಫೋನ್ ಸಾಕೆಟ್ಟಿನ ಇಂಪಿಡೆನ್ಸ್ ಹೆಚ್ಚು, 32 ಓಮ್‌ಗೆ ಬೇಡ. ಮೈಕ್, ಗಿಟಾರ್ ರೆಕಾರ್ಡ್ ಮಾಡುವ ಇಂಟರ್‌ಫೇಸುಗಳನ್ನು ಕೇಳುವುದಕ್ಕಷ್ಟೇ ಕೊಂಡರೆ ಬಳಸದ ಮೈಕ್ ಸರ್ಕಿಟ್ಟಿಗೂ ಹಣ ಕೊಟ್ಟಂತೆ. ಸ್ಪೀಕರಿಗೆ ಬ್ಯಾಲೆನ್ಸ್ಡ್ ಇನ್‌ಪುಟ್ (ಕೇಬಲ್ಲಿಗೆ ಸೇರುವ ಗದ್ದಲವನ್ನು ಅಳಿಸಿಹಾಕುವ ಬಗೆಯ ಜೋಡಣೆ) ಇದ್ದರೆ ಮಾತ್ರ ಅವುಗಳತ್ತ ನೋಡಿ. ಒಟ್ಟು ಖರ್ಚು ಹೆಡ್‌ಫೋನಿಗೆ ಕೊಟ್ಟಿದ್ದರ ಕಾಲುಭಾಗ ದಾಟುತ್ತಿದ್ದರೆ ಆ ಹಣವನ್ನು ಹೆಡ್‌ಫೋನಿಗೇ ಸೇರಿಸುವುದು ಲೇಸು. ಕಿವಿಗೆ ತಿಳಿಯುವ ವ್ಯತ್ಯಾಸ ಅಲ್ಲಿಂದಲೇ ಹೆಚ್ಚು ಬರುತ್ತದೆ.

ಈಗ ಸ್ಪೀಕರಿನ ಗುಂಯ್. ಕಂಪ್ಯೂಟರಿಗೂ ಸ್ಪೀಕರಿಗೂ ಗೋಡೆಯ ಸಾಕೆಟ್ಟಿನಿಂದ ಅರ್ಥಿಂಗ್ ಇರುತ್ತದೆ, ಆಡಿಯೋ ಕೇಬಲ್ಲಿನ ಹೊರ ಹೆಣಿಗೆ ಎರಡನ್ನೂ ಮತ್ತೊಮ್ಮೆ ಜೋಡಿಸುತ್ತದೆ. ಹೀಗೆ ಒಂದು ಕುಣಿಕೆ ಆಗಿ, ಅದರಲ್ಲಿ ಹರಿಯುವ ಸಣ್ಣ ಕರೆಂಟು ಸಂಗೀತದ ಜೊತೆ 50 ಅಥವಾ 60 ಹರ್ಟ್ಸ್‌ನ ಗುಂಯ್ ಆಗಿ ಸೇರಿಕೊಳ್ಳುತ್ತದೆ. ಆಡಿಯೋ ಕೇಬಲ್ಲನ್ನು ಕಂಪ್ಯೂಟರಿನ ಕಡೆಯಿಂದ ಕಿತ್ತಾಗ ಗುಂಯ್ ನಿಂತರೆ ಇದೇ ಕಾರಣ ಇರಬೇಕು. ಯುಎಸ್‌ಬಿ ಡ್ಯಾಕ್ ಹಾಕಿದರೂ ಯುಎಸ್‌ಬಿ ಕೇಬಲ್ಲಿನ ಗ್ರೌಂಡ್ ಮೂಲಕ ಕುಣಿಕೆ ಹಾಗೇ ಇರುತ್ತದೆ. ಮೊದಲು ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನಿಂದ ಕೊಟ್ಟು ನೋಡಿ. ಸ್ಪೀಕರಿಗೆ ಆಪ್ಟಿಕಲ್ ಇನ್‌ಪುಟ್ ಇದ್ದರೆ ಮದರ್‌ಬೋರ್ಡಿನ ಆಪ್ಟಿಕಲ್ ಔಟ್‌ಪುಟ್ಟಿನಿಂದ ನೇರ ಜೋಡಿಸಿ. ಬೆಳಕಿನ ಕೇಬಲ್ಲಿನಲ್ಲಿ ಗ್ರೌಂಡೇ ಇಲ್ಲ. ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ ಇರುವ ಆಡಿಯೋ ಐಸೊಲೇಟರ್ (ಗ್ರೌಂಡ್ ಜೋಡಣೆಯನ್ನು ಕಡಿದು ಹಾಡನ್ನಷ್ಟೇ ದಾಟಿಸುವ ಸಾಧನ) ಸಿಗುತ್ತದೆ, ಆದರೆ ತೀರಾ ಅಗ್ಗದ್ದರಲ್ಲಿ ಪುಟ್ಟ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಜೋರು ಬೇಸ್ ತಾಳಲಾರದೆ ಸ್ವರ ಒಡೆಯುತ್ತದೆ. ಯುಎಸ್‌ಬಿ ಐಸೊಲೇಟರ್ ಇನ್ನೊಂದು ದಾರಿ. ಅಗ್ಗದವು 12 ಮೆಗಾಬಿಟ್ ವೇಗಕ್ಕೆ ಮಾತ್ರ, ಹಾಗಾಗಿ ಮೊದಲನೇ ಆವೃತ್ತಿಯ ಡ್ಯಾಕ್‌ಗಳ ಜೊತೆಗೆ ಮಾತ್ರ ಹೊಂದುತ್ತವೆ. ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವ ಉಪಾಯವನ್ನು ಯಾರು ಹೇಳಿದರೂ ಮಾಡಬೇಡಿ. ಸ್ಪೀಕರಿನೊಳಗೆ ಏನಾದರೂ ಕೆಟ್ಟರೆ ಅದರ ಲೋಹದ ಮೈಗೆ ಪೂರ್ತಿ ಮೇನ್ಸ್ ವೋಲ್ಟೇಜ್ ಬರುತ್ತದೆ, ಮುಟ್ಟಿದವರ ಜೀವ ಹೋಗಬಹುದು.

ಡ್ಯಾಕ್ ಬಂದ ಮೇಲೆ ಕಂಪ್ಯೂಟರಿನ ಹಿಂಭಾಗದ ಯುಎಸ್‌ಬಿ ಪೋರ್ಟಿಗೆ ನೇರವಾಗಿ ಚುಚ್ಚಿ, ಹಬ್ ಬೇಡ. ವಿಂಡೋಸ್‌ನಲ್ಲಿ ಅದನ್ನು ಡಿಫಾಲ್ಟ್ ಮಾಡಿ, ಅಡ್ವಾನ್ಸ್ಡ್ ಎಂಬಲ್ಲಿ 24 ಬಿಟ್ ಆರಿಸಿ. ಹೆಚ್ಚು ಕೇಳುವುದು ಸಿಡಿಯಿಂದ ಬಂದ ಫ್ಲ್ಯಾಕ್ ಆದರೆ 44.1 ಕಿಲೋಹರ್ಟ್ಸ್, ವಿಡಿಯೋ ಹೆಚ್ಚಾದರೆ 48. ಪ್ರತಿ ಫೈಲೂ ತನ್ನದೇ ದರದಲ್ಲಿ ನುಡಿಯಬೇಕೆಂದಿದ್ದರೆ ಫೂಬಾರ್2000ದಂಥ ಪ್ಲೇಯರಿನಲ್ಲಿ ಎಕ್ಸ್‌ಕ್ಲೂಸಿವ್ ಔಟ್‌ಪುಟ್ ಆರಿಸಿ. ಆಗ ಬೇರೆ ಪ್ರೋಗ್ರಾಮುಗಳ ಸದ್ದು ಬರುವುದಿಲ್ಲ. ಹೆಡ್‌ಫೋನಿಗಾದರೆ ವಾಲ್ಯೂಮನ್ನು ಮೊದಲು ಕೆಳಗಿಳಿಸಿಯೇ ಹಾಡು ಶುರು ಮಾಡಿ.

ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಒಂದು ಪರೀಕ್ಷೆ ಮಾಡಿ. ಪೂರ್ತಿ ನಿಶ್ಶಬ್ದದ ಫೈಲ್ ಹಾಕಿದರೆ ಕೆಲವು ಡ್ಯಾಕ್‌ಗಳು ತಾವಾಗಿಯೇ ಮ್ಯೂಟ್ ಆಗಿ ಸದ್ದನ್ನು ಮರೆಮಾಚುತ್ತವೆ. ಆದ್ದರಿಂದ −90 ಡೆಸಿಬೆಲ್‌ನಷ್ಟು ಮೆಲುವಾದ ಟೋನ್ ಫೈಲನ್ನು 24 ಬಿಟ್‌ನಲ್ಲಿ ನುಡಿಸಿ, ವಾಲ್ಯೂಮನ್ನು ನೀವು ದಿನಾ ಕೇಳುವ ಮಟ್ಟದಲ್ಲಿಡಿ. ಅದು ನುಡಿಯುತ್ತಿರುವಾಗಲೇ ದೊಡ್ಡದೊಂದು ಫೈಲ್ ಕಾಪಿ ಮಾಡಿ, ಮೌಸ್ ಆಡಿಸಿ, ಗ್ರಾಫಿಕ್ಸ್‌ಗೆ ಹೊರೆಯಾಗುವ ಏನಾದರೂ ಓಡಿಸಿ. ಮಧ್ಯೆ ಮಧ್ಯೆ ಟಕ್ ಟಕ್ ಎಂದು ಕಡಿದರೆ ಬೇರೆ ಪೋರ್ಟಿಗೆ ಹಾಕಿ, ಪವರ್ ಸೆಟ್ಟಿಂಗಿನಲ್ಲಿ ಯುಎಸ್‌ಬಿ ನಿದ್ದೆಗೆ ಹೋಗುವ ಆಯ್ಕೆಯನ್ನು ಆಫ್ ಮಾಡಿ. ಆಗಲೂ ಕಡಿದರೆ ಇನ್ನೊಂದು ಕಂಪ್ಯೂಟರಿನಲ್ಲಿ ನೋಡಿ. ಅಲ್ಲೂ ಅದೇ ಆದರೆ ಡ್ಯಾಕ್‌ನಲ್ಲೇ ದೋಷ, ವಾಪಸ್ ಕೊಡಿ. ಅಲ್ಲಿ ಸರಿಯಿದ್ದರೆ ನಿಮ್ಮ ಡೆಸ್ಕ್‌ಟಾಪಿನ ನೆಟ್‌ವರ್ಕ್ ಅಥವಾ ಗ್ರಾಫಿಕ್ಸ್ ಡ್ರೈವರ್ ಹೊಸತಾಗಿ ಹಾಕಬೇಕು.